ಮೀನಿನ ವೈರಸ್‌ಗಳಿಗೆಲ್ಲ ಸೇರಿ ಒಂದೇ ಲಸಿಕೆ ಯಾಕಿಲ್ಲ?

ಸೋಮವಾರಪೇಟೆ ಕಡೆ ಕಾಫಿ ತೋಟದ ಕೆರೆಯಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮೂರೂ ಒಂದೇ ಬೆಳಿಗ್ಗೆ ಸತ್ತು ತೇಲಿವೆ, ಅಕ್ಕಪಕ್ಕದವರು ವೈರಸ್ ಅಂದರು, ಹಾಗಾದರೆ ಎಲ್ಲದಕ್ಕೂ ಸೇರಿ ಒಂದು ಲಸಿಕೆ ಇಲ್ಲವಾ ಅಂತ ಕೇಳಿದ್ದೀರಿ. ನಾನು ಮೀನುಗಾರಿಕೆ ಓದಿದವನು, ಈಗ ಕುಶಾಲನಗರದ ಹತ್ತಿರ ಮೀನುಮರಿ ಸಾಕುತ್ತೇನೆ.

ಮೀನಿನ ವೈರಸ್‌ಗಳು ಒಂದೇ ಕುಲದವಲ್ಲ. ಕಡಲಮೀನಿನ ಮರಿಗಳ ಮಿದುಳು, ಕಣ್ಣು ತಿನ್ನುವ ಬೀಟಾನೋಡಾವೈರಸ್‌ಗೆ ಇರುವುದು ಎರಡೇ ತುಂಡು ಆರ್‌ಎನ್‌ಎ, ಒಟ್ಟು ಸುಮಾರು 4,500 ಅಕ್ಷರ (ಅಕ್ಷರ ಅಂದರೆ ಜೀನ್ ಬರಹದ ಒಂದೊಂದು ಘಟಕ). ಗೆಂಡೆ ಮತ್ತು ಕೋಯಿ ಎಂಬ ಬಣ್ಣದ ಅಲಂಕಾರಿಕ ಗೆಂಡೆಗೆ ಬರುವ ಕೋಯಿ ಹರ್ಪಿಸ್‌ನದು ಡಿಎನ್‌ಎ, ಸುಮಾರು 2,95,000 ಅಕ್ಷರ. ತಿಲಾಪಿಯಾ ಲೇಕ್ ವೈರಸ್ ಹತ್ತು ತುಂಡಿನದು. 2016ರಲ್ಲಿ ಅದನ್ನು ಓದಿ ನೋಡಿದಾಗ ಒಂದು ತುಂಡು ಮಾತ್ರ ಫ್ಲೂ ಬರಿಸುವ ಇನ್‌ಫ್ಲುಯೆಂಜಾ ಸಿ ವೈರಸ್‌ಗೆ ಅಲ್ಪಸ್ವಲ್ಪ ಹೋಲುತ್ತಿತ್ತು, ಉಳಿದ ಒಂಬತ್ತು ಯಾವುದಕ್ಕೂ ಹೋಲಲಿಲ್ಲ!

ಲಸಿಕೆ ಮಾಡುವವರು ಸಾಮಾನ್ಯವಾಗಿ ವೈರಸ್‌ನ ಹೊರಮೈ ಪ್ರೋಟೀನ್ ಹಿಡಿಯುತ್ತಾರೆ, ಅದು ಇಂಥ ಬೇರೆಬೇರೆ ಕುಲದ ವೈರಸ್‌ಗಳಲ್ಲಿ ಒಂದೇ ಥರ ಇರುವುದಿಲ್ಲ. ಕೆನಡಾ 2005ರಲ್ಲಿ ಸಾಲ್ಮನ್‌ಗೆ ಒಪ್ಪಿಗೆ ಕೊಟ್ಟ ಡಿಎನ್‌ಎ ಲಸಿಕೆಯಲ್ಲಿ ಇದ್ದದ್ದು ಸಾಲ್ಮನ್ ಜಾತಿಯ ಮೀನುಗಳಿಗೆ ರೋಗ ತರುವ ಐಎಚ್‌ಎನ್ ವೈರಸ್‌ನ ಹೊರಮೈಯ ಜಿ ಪ್ರೋಟೀನಿನ ಜೀನ್. ಅದು ಆ ರೋಗಕ್ಕೆಂದೇ ಮಾಡಿದ್ದು. ನಿಮ್ಮ ಗೆಂಡೆಗೆ ಅದರಿಂದ ಏನು ಪ್ರಯೋಜನ?

ಒಂದೇ ವೈರಸ್ ಒಳಗೂ ವ್ಯತ್ಯಾಸ ಇದೆ. ನನಗೆ ಸೋಜಿಗ ಅನಿಸುವುದು ಸಾಲ್ಮನ್‌ಗೆ ರಕ್ತಹೀನತೆ ತರುವ ಐಎಸ್‌ಎ ವೈರಸ್. ಅದರ ಎಚ್‌ಇ ಎಂಬ ಹೊರಮೈ ಪ್ರೋಟೀನಿನಲ್ಲಿ ಪದೇಪದೇ ಬದಲಾಗುವ ಒಂದು ಭಾಗ ಉಂಟು. ಅದು ಪೂರ್ತಿ ಇದ್ದರೆ ವೈರಸ್ ಹೆಚ್ಚಾಗಿ ಕಿವಿರಿನಲ್ಲೇ ಇರುತ್ತದೆ, ಮೀನಿಗೆ ದೊಡ್ಡ ತೊಂದರೆ ಇಲ್ಲ. ಕೊಲ್ಲುವ ತಳಿಗಳಲ್ಲಿ ಅದೇ ಭಾಗದ ಒಂದು ಚೂರು ಬಿಟ್ಟುಹೋಗಿರುತ್ತದೆ, ಜೊತೆಗೆ ಜೀವಕೋಶದ ಒಳಗೆ ನುಗ್ಗಲು ಬೇಕಾದ ಇನ್ನೊಂದು ಪ್ರೋಟೀನೂ ಬದಲಾಗಿರುತ್ತದೆ. ಎಚ್‌ಇ ಮಟ್ಟಿಗೆ ಹೇಳುವುದಾದರೆ ಹೊಸದು ಸೇರಿಸಿಕೊಂಡಲ್ಲ, ಕಳೆದುಕೊಂಡು ಜೋರಾದದ್ದು. ಹಾಗಾಗಿ 'ವೈರಸ್ ಇದೆ' ಅಂತ ವರದಿ ಬಂದರೆ ಸಾಲದು, ಯಾವ ತಳಿ ಅಂತಲೂ ನೋಡಬೇಕು.

ಇನ್ನು ನಿಮ್ಮ ಕೆರೆ. ಕೋಯಿ ಹರ್ಪಿಸ್ ಬಂದರೆ ಗೆಂಡೆ ಸಾಯುತ್ತದೆ, ಪಕ್ಕದಲ್ಲೇ ಈಜುವ ಕಾಟ್ಲಾ, ರೋಹು ಹಾಗೆ ಸಾಯುವುದಿಲ್ಲ. ಮೂರು ಜಾತಿ ಒಂದೇ ಬೆಳಿಗ್ಗೆ ಹೋದವು ಅಂದರೆ ನಾನು ಮೊದಲು ವೈರಸ್ ಅನ್ನಲ್ಲ, ನೀರನ್ನೇ ಅನುಮಾನಿಸುತ್ತೇನೆ. ಪಲ್ಪಿಂಗ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಕೊಳೆನೀರು) ಹರಿದು ಬಂತಾ? ತೋಟಕ್ಕೆ ಹೊಡೆದ ಔಷಧಿ ಮಳೆಗೆ ಇಳಿದಿದೆಯಾ? ನೀರಿನ ಆಮ್ಲಜನಕ ರಾತ್ರಿಯೆಲ್ಲ ಕಡಿಮೆಯಾಗುತ್ತಾ ಬೆಳಗಿನ ಜಾವಕ್ಕೆ ತೀರಾ ಇಳಿದುಬಿಡುತ್ತದೆ, ಮೋಡ ಕವಿದ ದಿನಗಳಲ್ಲಿ ಇನ್ನೂ ಇಳಿಯುತ್ತದೆ. ಸುಮ್ನೆ ಔಷಧಿ ಸುರಿಯಬೇಡಿ, ಹೊಸ ಮರಿಯನ್ನೂ ಈಗಲೇ ಬಿಡಬೇಡಿ.

ಆಮೇಲೆ ಒಂದೇ ಜಾತಿ ಸಾಯುತ್ತಾ ಹೋದರೆ ಪಿಸಿಆರ್ (ವೈರಸ್‌ನ ಜೀನ್ ಹುಡುಕುವ ಲ್ಯಾಬ್ ಪರೀಕ್ಷೆ) ಮಾಡಿಸಿ. ಕೊಳೆತ ಮೀನು ಬೇಡ. ಸಾಯುವ ಸ್ಥಿತಿಯಲ್ಲಿರುವ ಮೀನಿನ ಕಿವಿರು, ಮೂತ್ರಪಿಂಡದ ಚೂರು ಆಲ್ಕೊಹಾಲ್‌ನಲ್ಲಿ ಹಾಕಿ ಕಳಿಸಿ. ಫಾರ್ಮಲಿನ್‌ನಲ್ಲಿ ಹಾಕಿದರೆ ಜೀನ್ ಓದುವುದು ಕಷ್ಟ.