ಕೊರೊನಾ ತರಹದ ರೋಗ ಬಂದರೆ ರೈಲು, ಬಸ್ ಕಾಮಗಾರಿಗಳ ರಿಸ್ಕ್ ಹೇಗೆ ಬದಲಾಗುತ್ತದೆ?

ಸಿವಿಲ್ ಓದುತ್ತಿದ್ದೇನೆ, ಪ್ರಾಜೆಕ್ಟ್ ವರದಿಗೆ ಬೇಕು ಅಂತ ಬರೆದಿದ್ದೀರಿ. ನಾನು ಗದಗ-ಹುಬ್ಬಳ್ಳಿ ಕಡೆ ರೈಲು ಮಾರ್ಗದ ಕೆಲಸಗಳಲ್ಲಿ ಸಬ್ ಕಾಂಟ್ರಾಕ್ಟರ್ ಕಡೆಯ ಸೈಟ್ ಎಂಜಿನಿಯರ್. ನೇರವಾಗಿ ಹೇಳುತ್ತೇನೆ. ರೋಗ ತರುವ ಹೊಸ ರಿಸ್ಕ್ ಕಡಿಮೆ. ಲೇಬರ್, ಸಾಮಾನು, ದುಡ್ಡು, ಮಳೆ ಎಲ್ಲವೂ ಮೊದಲೇ ಇದ್ದವು. ಬೇರೆ ದಿನಗಳಲ್ಲಿ ಒಂದೊಂದೇ ಬರುತ್ತವೆ, ಕೊರೊನಾ ಹೊತ್ತಲ್ಲಿ ಒಂದು ಇನ್ನೊಂದನ್ನು ಎಳೆದುಕೊಂಡು ಒಟ್ಟಿಗೆ ಬಂದವು. ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕ ಕೊಟ್ಟರೆ ಈ ಎಳೆದಾಟ ಸಿಗುವುದೇ ಇಲ್ಲ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ನಮ್ಮ ಕಡೆ ಮಳೆಗಾಲದ ಮುಂಚಿನ ಆ ಎರಡು-ಮೂರು ತಿಂಗಳಲ್ಲೇ ಮಣ್ಣಿನ ಕೆಲಸ ಜೋರು. ಗದಗ ಕಡೆಯದು ಎರೆ ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕಿರುಸೇತುವೆಗೆ ಅಗೆದ ಗುಂಡಿ ಹಾಗೇ ಬಿದ್ದಿದ್ದು ಮಳೆಗೆ ಸಿಕ್ಕಿತು ಅಂದರೆ ಮೆತ್ತಗಾದ ಮಣ್ಣು ತೆಗೆದು, ಗರಸು ತುಂಬಿ, ಮತ್ತೆ ಗಟ್ಟಿ ಮಾಡಬೇಕು. ಕಟ್ಟಿ ನಿಲ್ಲಿಸಿದ ಕಬ್ಬಿಣಕ್ಕೆ ತುಕ್ಕು ಬೇರೆ. ಕೆಲಸ ನಿಂತದ್ದಕ್ಕಿಂತ ಮತ್ತೆ ಶುರು ಮಾಡುವುದೇ ದುಬಾರಿ, ಇದನ್ನು ವರದಿಗಳಲ್ಲಿ ಯಾರೂ ಸರಿಯಾಗಿ ಬರೆಯುವುದಿಲ್ಲ.

ಶುರು ಮಾಡೋಣ ಅಂದರೆ ಜನ ಎಲ್ಲಿ? ಸೆಂಟ್ರಿಂಗ್ (ಕಾಂಕ್ರೀಟ್‌ಗೆ ಅಚ್ಚು ಕಟ್ಟುವುದು), ಕಬ್ಬಿಣ ಕಟ್ಟುವ ಕೆಲಸಕ್ಕೆ ಬಿಹಾರ, ಒಡಿಶಾ ಕಡೆಯ ಹುಡುಗರೇ ಜಾಸ್ತಿ. 2020ರ ಮೇ ಮೊದಲ ವಾರದಲ್ಲಿ ನಮ್ಮ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ರೈಲು ರದ್ದು ಮಾಡಿ, ಟೀಕೆ ಬಂದ ಮೇಲೆ ನಿರ್ಧಾರ ವಾಪಸ್ ಪಡೆಯಿತು, ನೆನಪಿರಬಹುದು. ಹಾಗೆ ತಡೆಯುವುದು ತಪ್ಪು, ಮನೆಗೆ ಹೋಗಬೇಕು ಅನ್ನುವವನನ್ನು ಹಿಡಿದಿಟ್ಟು ಕೆಲಸ ಮಾಡಿಸಲು ಆಗುತ್ತದಾ? ಅವರ ಜಾಗಕ್ಕೆ ಹೊಸಬರನ್ನು ಹಾಕಿದಾಗ ಅಪಘಾತದ ರಿಸ್ಕ್ ಏರುತ್ತದೆ. ಡಬ್ಲಿಂಗ್, ಅಂದರೆ ಇರುವ ಹಳಿಯ ಪಕ್ಕ ಎರಡನೇ ಹಳಿ ಹಾಕುವ ಕೆಲಸದಲ್ಲಿ ಪಕ್ಕದ ಹಳಿಯಲ್ಲಿ ಗೂಡ್ಸ್ ಗಾಡಿ ಓಡುತ್ತಲೇ ಇರುತ್ತದೆ, ಅಭ್ಯಾಸ ಇಲ್ಲದವನಿಗೆ ಅದು ಜೀವದ ಪ್ರಶ್ನೆ.

ಸಾಮಾನಿನ ಕಥೆ 2021ರಲ್ಲಿ ಬೇರೆ ತಿರುವು ಪಡೆಯಿತು. ಏಪ್ರಿಲ್‌ನಲ್ಲಿ ಕಾರ್ಖಾನೆಗಳ ಆಕ್ಸಿಜನ್ ಆಸ್ಪತ್ರೆಗೆ ತಿರುಗಿಸಿದರು, ಅದು ಸರಿಯೇ. ಆದರೆ ಕಬ್ಬಿಣ ಕತ್ತರಿಸುವ ಗ್ಯಾಸ್ ಕಟಿಂಗ್‌ಗೂ ಅದೇ ಆಕ್ಸಿಜನ್ ಬೇಕು ಅಲ್ವಾ? ರೋಗಕ್ಕೂ ಕಬ್ಬಿಣದ ಕೆಲಸಕ್ಕೂ ಹೀಗೊಂದು ನಂಟು ಇರುತ್ತದೆ ಅಂತ ಯಾವ ರಿಸ್ಕ್ ಪಟ್ಟಿಯಲ್ಲಿತ್ತು? ಕಬ್ಬಿಣದ ರೇಟೂ ಆ ಹೊತ್ತಿಗೆ ಮೇಲೇರಿತ್ತು.

ಒಂದು ಕಡೆ ಲಾಭವೂ ಆಯಿತು ಅನ್ನಿ. ಪ್ಯಾಸೆಂಜರ್ ಗಾಡಿ ನಿಂತಿದ್ದರಿಂದ, ಮಾಮೂಲಿ ದಿನಗಳಲ್ಲಿ ಬೇಡಿದರೂ ಸಿಗದ ಉದ್ದದ ಬ್ಲಾಕ್ (ಕೆಲಸಕ್ಕಾಗಿ ಹಳಿಯಲ್ಲಿ ಗಾಡಿ ನಿಲ್ಲಿಸುವ ಹೊತ್ತು) ಸಿಕ್ಕು, ಬಾಕಿ ಬಿದ್ದಿದ್ದ ಎಷ್ಟೋ ಕೆಲಸಗಳನ್ನು ರೈಲ್ವೆ ಆಗ ಮುಗಿಸಿತು.

ಬಸ್ ಕಡೆ ರಿಸ್ಕ್ ಬೇರೆ. ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್‌ನ (ಬಸ್ಸಿಗೇ ಬೇರೆ ದಾರಿ ಇರುವ ವ್ಯವಸ್ಥೆ) ಅಧಿಕೃತ ಉದ್ಘಾಟನೆ ಆದದ್ದು 2020ರ ಫೆಬ್ರವರಿ 2ಕ್ಕೆ. ಎರಡು ತಿಂಗಳೊಳಗೆ ಅದರಲ್ಲಿ ಓಡುವ ಚಿಗರಿ ಬಸ್ಸೇ ನಿಂತವು. ಕಟ್ಟಿದ್ದು ಗಟ್ಟಿ ಇದ್ದರೂ ಟಿಕೆಟ್ ದುಡ್ಡು ಬರಲಿಲ್ಲ.

ಇನ್ನು ಕರಾರು. 2020ರ ಮೇ ತಿಂಗಳಲ್ಲಿ ಕೇಂದ್ರ ಹಣಕಾಸು ಇಲಾಖೆ, ಗುತ್ತಿಗೆಗಳಿಗೆ ದಂಡ ಇಲ್ಲದೆ 3ರಿಂದ 6 ತಿಂಗಳ ಹೆಚ್ಚಿನ ಅವಧಿ ಕೊಡಬಹುದು ಅಂದಿತು. ಅವಧಿ ಸಿಕ್ಕಿತು, ಸುಮ್ನೆ ನಿಂತ ಜೆಸಿಬಿಯ ಬಾಡಿಗೆ, ಸಾಲದ ಬಡ್ಡಿ ಸಿಗಲಿಲ್ಲ. ಸಣ್ಣ ಅವಧಿಯ ಟೆಂಡರ್‌ಗಳಲ್ಲಿ ಬೆಲೆ ಏರಿಳಿತದ ಕಲಮೂ (ಸಾಮಾನಿನ ರೇಟು ಬದಲಾದರೆ ಬಿಲ್ಲೂ ಬದಲಾಗುವ ಷರತ್ತು) ಎಷ್ಟೋ ಸಲ ಇರುವುದಿಲ್ಲ, ಆಗ ಹೊಡೆತ ಕೆಳಗಿನ ಸಬ್ ಕಾಂಟ್ರಾಕ್ಟರ್‌ಗೆ. ವರದಿ ಬರೆಯುವ ಮುಂಚೆ ಒಂದು ಹಳೆ ಟೆಂಡರ್ ತೆಗೆದು ಆ ಕಲಮು ಇದೆಯಾ ನೋಡಿ.