ಟಾರ್ಚ್ ಒಂದರಿಂದ ಆಗಲ್ಲ ಅಣ್ಣ

ಅಣ್ಣ, ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ರೆ ಬೋರ್ ನೀರಲ್ಲಿರೋ ವಿಷ ಎಲ್ಲ ಹೊಳೆಯುತ್ತೆ ಅಂತ ನೀವು ಹಾಕಿದ್ ವಿಡಿಯೋ ನೋಡ್ದೆ. ಅದನ್ನ ನಂಬ್ಕೊಂಡು ದುಡ್ಡು ಹಾಕ್ಬೇಡಿ. ನಿಮ್ಮ ಚಿಂತಾಮಣಿ ಕಡೆ ಮೊದ್ಲು ನೋಡ್ಬೇಕಾಗಿರೋದು ಫ್ಲೋರೈಡು, ನೈಟ್ರೇಟು. ಎರಡೂ ಹೊಳೆಯಲ್ಲ. ಯುರೇನಿಯಂ ಹಸಿರಾಗಿ ಹೊಳೆಯೋದು ನಿಜ, ಆದ್ರೆ ಕುಡಿಯೋ ನೀರಲ್ಲಿ ಅದರ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ, ಅಷ್ಟು ಕಮ್ಮಿ ಇದ್ರೆ ಕಣ್ಣಿಗೆಲ್ಲಿ ಕಾಣುತ್ತೆ, ಲ್ಯಾಬಲ್ಲಿ ಫಾಸ್ಫೇಟ್ ಜಾತಿದೊಂದು ಕೆಮಿಕಲ್ ಹಾಕಿ ಹೊಳಪು ಏರಿಸ್ಕೊಂಡು ಫ್ಲೋರಿಮೀಟರ್ ಅನ್ನೋ ಹೊಳಪು ಅಳೆಯೋ ಯಂತ್ರದಲ್ಲಿ ಅಳೀತಾರೆ.

ಹೊಳಪು ನೋಡಿ ನೀರಲ್ಲಿ ವಿಷ ಕಂಡುಹಿಡಿಯೋ ಸೆನ್ಸರ್‌ಗಳಲ್ಲಿ ಎಷ್ಟೋ ಕೆಲಸ ಮಾಡೋದು ಉಲ್ಟಾ. ಮೊದ್ಲೇ ಹೊಳೀತಿರೋ ಪದಾರ್ಥನ ನೀರಿಗೆ ಬಿಡ್ತಾರೆ, ವಿಷ ಅದಕ್ಕೆ ತಗುಲಿದ್ರೆ ಹೊಳಪು ಆರುತ್ತೆ. ಮನೇಲೇ ನೋಡ್ಬೋದು: ಟಾನಿಕ್ ವಾಟರಲ್ಲಿ ಕ್ವಿನೈನ್ ಇರುತ್ತೆ, ಕತ್ತಲೇಲಿ 365 ನ್ಯಾನೋಮೀಟರ್ ಯುವಿ ಟಾರ್ಚ್ ಬಿಟ್ರೆ ಲೋಟ ಪೂರ್ತಿ ತಿಳಿ ನೀಲಿ, ಒಂದು ಚಮಚ ಉಪ್ಪು ಹಾಕಿ ಕದಡಿ, ಮಂಕಾಗುತ್ತೆ. ನೋಡಿ, ಅಡುಗೆ ಉಪ್ಪೇ ಆರಿಸ್ಬಿಡ್ತು! ಸೀಸಕ್ಕೋ ಪಾದರಸಕ್ಕೋ ಮಾತ್ರ ಆರ್ಬೇಕು, ಉಪ್ಪಿಗೆ ಆರ್ಬಾರ್ದು ಅನ್ನೋ ಪದಾರ್ಥ ಮಾಡೋದ್ರಲ್ಲೇ ವಿಜ್ಞಾನಿಗಳು ತಲೆ ಕೆಡಿಸ್ಕೊಂಡಿರೋದು.

ಟಾರ್ಚ್ ಇದ್ರೆ ಒಂದು ಕೆಲಸಕ್ಕೆ ಬರುತ್ತೆ. ಬಟ್ಟೆ ಪೌಡರಲ್ಲಿ ಬಿಳುಪಿಗೆ ಹಾಕೋ ಬ್ರೈಟ್ನರ್ ನೀಲಿಯಾಗಿ ಹೊಳೆಯುತ್ತೆ, ಹತ್ತಿಗೆ ಅಂಟ್ಕೊಳುತ್ತೆ. ಪಕ್ಕದ ಬಚ್ಚಲ ಗುಂಡಿ ನೀರು ನಮ್ಮ ಬಾವಿಗೆ ಇಳೀತಿದ್ಯಾ ಅಂತ ಅನುಮಾನ ಬಂದಾಗ ನಾನು ಮೆಡಿಕಲ್ ಶಾಪಿನ ಹತ್ತಿ ತಂದು, ಹೊಳೆಯಲ್ಲ ಅಂತ ಖಾತ್ರಿ ಮಾಡ್ಕೊಂಡು, ಸೊಳ್ಳೆ ಪರದೆ ಚೂರಲ್ಲಿ ಕಟ್ಟಿ ಒಂದು ವಾರ ಬಾವೀಲಿ ಇಳಿಬಿಟ್ಟೆ. ತೆಗೆದು ಸಾದಾ ನೀರಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿ ಕತ್ತಲೇಲಿ ಟಾರ್ಚ್ ಬಿಟ್ಟು ನೋಡಿದ್ರೆ ಅಂಚಲ್ಲೆಲ್ಲ ನೀಲಿ. ಕ್ಯಾನ್ ನೀರಲ್ಲಿ ಇಟ್ಟಿದ್ದ ಇನ್ನೊಂದು ಉಂಡೆ ಕಪ್ಪಗೇ ಇತ್ತು. ಇಂಥದ್ದೊಂದು ಹೋಲಿಕೆಗೆ ಇಡ್ಲೇಬೇಕು, ಪರದೇನೂ ಮೊದ್ಲು ಚೆಕ್ ಮಾಡಿ, ಬಿಳಿ ಬಟ್ಟೆ ಅಂತೂ ಬೇಡ್ವೇ ಬೇಡ, ಅದೇ ಹೊಳೀತಿರುತ್ತೆ. ಹೊಳೀಲಿಲ್ಲ ಅಂತ ಕುಡಿಯೋಕೂ ಹೋಗ್ಬೇಡಿ, ಕಕ್ಕಸು ಗುಂಡಿ ನೀರು ಇಳೀತಿದ್ರೂ ಅದಕ್ಕೆ ಸೋಪು ನೀರು ಬೀಳದೇ ಇರ್ಬೋದು.

ನಿಮ್ಮ ಬೋರಿಗೆ ಜಿಲ್ಲಾ ಕುಡಿಯೋ ನೀರಿನ ಲ್ಯಾಬೇ ಸರಿ. ಮೋಟರ್ ಹತ್ತು ನಿಮಿಷ ಓಡ್ಸಿ, ಅದೇ ನೀರಲ್ಲಿ ಬಾಟ್ಲಿ ಮೂರು ಸಲ ತೊಳ್ದು ತುಂಬ್ಕೊಳಿ. ಲೀಟರಿಗೆ ಫ್ಲೋರೈಡು 1.5 ಮಿಲಿಗ್ರಾಂ, ನೈಟ್ರೇಟು 45 ಮಿಲಿಗ್ರಾಂ ದಾಟಿದ್ರೆ ರಿಪೋರ್ಟ್ ಇಲ್ಲೇ ಹಾಕಿ, ಯಾವ ಫಿಲ್ಟರ್ ಅಂತ ನೋಡೋಣ. ಯುರೇನಿಯಂ ಮಾಡ್ತೀರಾ ಅಂತ ಬಾಯಿಬಿಟ್ಟು ಕೇಳಿ, ಕೇಳ್ದೆ ಹೋದ್ರೆ ಮಾಡದೇ ಇರ್ಬೋದು.