ತಣ್ಣಗಿಡುವ ಮೊದಲು ಹಾವಿಗೆ ಹೊಟ್ಟೆ ತುಂಬ ಆಹಾರ ಕೊಡಬೇಕೇ?

ಎರಡು ವರ್ಷದ ಕಾರ್ನ್ ಸ್ನೇಕ್ (ಮನೆಯಲ್ಲಿ ಸಾಕುವ, ವಿಷವಿಲ್ಲದ ಹಾವು) ಜೋಡಿಯನ್ನು ಮರಿ ಮಾಡಿಸಲೆಂದು ಈ ಚಳಿಗಾಲ ತಣ್ಣಗಿಡುತ್ತಿದ್ದೀರಿ, ಅಂದರೆ ಕೆಲವು ವಾರ ಆಹಾರವಿಲ್ಲದೆ ಕತ್ತಲೆಯ ತಂಪಿನಲ್ಲಿ ಇರಿಸುತ್ತಿದ್ದೀರಿ, ಅದಕ್ಕೆ ಮೊದಲು ಚೆನ್ನಾಗಿ ತಿನ್ನಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ತಿನ್ನಿಸಬೇಡಿ. ನನ್ನ ಹೆಣ್ಣು ಹಾವು ಸತ್ತದ್ದು ಈ ಕಾಳಜಿಯಿಂದಲೇ.

ಹತ್ತು ವಾರ ಉಪವಾಸವಿರಬೇಕಾದ ಜೀವವೆಂಬ ಮರುಕದಿಂದ, ಪೆಟ್ಟಿಗೆಗೆ ಶಾಖ ಕೊಡುವ ಹೀಟ್ ಮ್ಯಾಟ್ ಆರಿಸುವುದಕ್ಕೆ ನಾಲ್ಕೇ ದಿನ ಮೊದಲು ನಾನು ಅದಕ್ಕೆ ದೊಡ್ಡದೊಂದು ಇಲಿ ಕೊಟ್ಟೆ. ಮೂರನೆಯ ವಾರ ಪೆಟ್ಟಿಗೆ ತೆರೆದಾಗ ನೀರಿನ ಬಟ್ಟಲಿನ ಪಕ್ಕದಲ್ಲಿ ಆ ಇಲಿ ಬಿದ್ದಿತ್ತು. ತುಪ್ಪಳವಿನ್ನೂ ಹಾಗೇ ಅಂಟಿಕೊಂಡಿತ್ತು, ಒಳಗೆಲ್ಲ ಕೊಳೆತಿತ್ತು. ಹಾವಿನ ಹೊಟ್ಟೆಯ ನಡುಭಾಗ ಉಬ್ಬಿ, ಅಡಿಯ ಹುರುಪೆಗಳು ಹಸಿರು ಬಣ್ಣಕ್ಕೆ ತಿರುಗಿದ್ದವು. ವೈದ್ಯರ ಬಳಿ ಒಯ್ದರೂ ಎರಡು ದಿನ ಬದುಕಲಿಲ್ಲ. ಹಾವು ತನ್ನ ಮೈಯನ್ನು ತಾನೇ ಬಿಸಿಯಾಗಿಟ್ಟುಕೊಳ್ಳಲಾರದು. ಉಂಡದ್ದು ಅರಗಬೇಕಾದರೆ ಅದಕ್ಕೆ ಹೊರಗಿನ ಶಾಖ ಬೇಕೇ ಬೇಕು. 12 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರಗುವುದು ಹೆಚ್ಚುಕಡಿಮೆ ನಿಂತುಹೋಗುತ್ತದೆ, ಕೊಳೆಯುವುದು ಮಾತ್ರ ನಿಲ್ಲುವುದಿಲ್ಲ. ಉಪವಾಸದಿಂದ ಅದು ಸಾಯುತ್ತಿರಲಿಲ್ಲ. ಆ ತಂಪಿನಲ್ಲಿ ಆರೋಗ್ಯವಂತ ಹಾವು ತೂಕ ಕಳೆದುಕೊಳ್ಳುವುದೇ ಬಹಳ ಕಡಿಮೆ.

ಕೊನೆಯ ಊಟದ ನಂತರ ಎರಡು ಮೂರು ವಾರ ಎಂದಿನ ಶಾಖದಲ್ಲೇ ಇರಿಸಿ, ಮಲ ವಿಸರ್ಜನೆಯಾದದ್ದನ್ನು ಕಣ್ಣಾರೆ ಕಂಡ ಮೇಲಷ್ಟೇ ಉಷ್ಣತೆಯನ್ನು ಸ್ವಲ್ಪಸ್ವಲ್ಪವಾಗಿ ಇಳಿಸಬೇಕಿತ್ತು. ಕತ್ತಲೆಯಲ್ಲಿ 10ರಿಂದ 13 ಡಿಗ್ರಿ, ಸದಾ ಶುದ್ಧ ನೀರು, ಆಗಾಗ ತೂಕ ನೋಡುವುದು, ಮತ್ತೆ ಬಿಸಿ ಕೊಡುವಾಗಲೂ ಅದೇ ನಿಧಾನ. ಬಾಯಿ ತೆರೆದು ಉಸಿರಾಡಿದರೆ ಅಥವಾ ಮೂಗಿನಲ್ಲಿ ಗುಳ್ಳೆ ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಆದರೆ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಎರಡು ವರ್ಷದ ಹೆಣ್ಣನ್ನು ಮೊಟ್ಟೆಯಿಡಿಸಲು ಅವಸರಿಸಬಾರದು. ಮೂರು ವರ್ಷ ತುಂಬಿ, ತೂಕ 300 ಗ್ರಾಂ ದಾಟಲಿ, ಇಲ್ಲವಾದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು. ಅಲ್ಲದೆ, ಮನೆಯಲ್ಲಿ ಸಾಕಿದ ಕಾರ್ನ್ ಸ್ನೇಕ್‌ಗಳು ಎಷ್ಟೋ ಬಾರಿ ಈ ಚಳಿಯಿಲ್ಲದೆಯೇ ಕೂಡುತ್ತವೆ. ಬಾಲ್ ಪೈಥಾನ್‌ನಂಥ ಉಷ್ಣವಲಯದ ಹಾವನ್ನಂತೂ ಹೀಗೆ ತಣ್ಣಗಿಡಲೇಬಾರದು. ಆ ಹೆಣ್ಣಿನ ಜೊತೆಗಿದ್ದ ಗಂಡು ಇನ್ನೂ ನನ್ನ ಬಳಿಯಿದೆ. ಅದನ್ನು ಮತ್ತೆಂದೂ ತಣ್ಣಗಿಟ್ಟಿಲ್ಲ. ಬೇರೊಂದು ಹೆಣ್ಣಿನೊಡನೆ ಅದು ಎರಡು ಬಾರಿ ಮರಿಗಳ ತಂದೆಯಾಗಿದೆ.